ಹೆಗಲಿನಿಂದ ಹಗ್ಗಕ್ಕೆ

ಸೌರಾಷ್ಟ್ರದ ಜುನಾಗಢ ಪಟ್ಟಣದ ಮಗ್ಗುಲಲ್ಲೇ ಗಿರಿನಾರ್ ಬೆಟ್ಟವಿದೆ. ಅದರ ಬುಡದಲ್ಲಿ, ಮೆಟ್ಟಿಲುಗಳು ಆರಂಭವಾಗುವ ಜಾಗದಲ್ಲಿ, ಮನುಷ್ಯರನ್ನು ತೂಗುವ ಒಂದು ತಕ್ಕಡಿ ಉಂಟು. ಹಿಂದೆ ನಮ್ಮ ಸಂತೆಗಳಲ್ಲಿ ಮೆಣಸಿನಕಾಯಿ ಮೂಟೆ ತೂಗುತ್ತಿದ್ದ ತೊಲೆಯ ತಕ್ಕಡಿಯಂಥದೇ. ಬೆಟ್ಟ ಹತ್ತಲಾರದ ಯಾತ್ರಿಕರು ಡೋಲಿಯಲ್ಲಿ ಕುಳಿತು ಹೋಗಬೇಕಾದರೆ ಮೊದಲು ಇದರಲ್ಲಿ ಕೂರಬೇಕು. ತೂಕ ಹೆಚ್ಚಿದರೆ ಬಾಡಿಗೆಯೂ ಹೆಚ್ಚು. ಇದರಲ್ಲಿ ಅನ್ಯಾಯವೇನೂ ಇಲ್ಲ. ಹೊರುವವನ ಹೆಗಲಿಗೆ ತಿಳಿಯುವುದು ಯಾತ್ರಿಕನ ತೂಕವೇ ಹೊರತು ಅವನ ಪುಣ್ಯವಲ್ಲ.

ಆ ತಕ್ಕಡಿಯಿಂದ ಅನತಿ ದೂರದಲ್ಲಿ ಈಗ ಗಾಜು ಗೋಡೆಯ ಒಂದು ನಿಲ್ದಾಣವಿದೆ. ಅಲ್ಲಿ ಯಾರನ್ನೂ ತೂಗುವುದಿಲ್ಲ. ಚೀಟಿ ಕೊಂಡವರೆಲ್ಲರೂ ಸಮಾನರು. ಎಂಟು ಜನ ಹಿಡಿಸುವ ತೊಟ್ಟಿಲಿನಲ್ಲಿ ಕುಳಿತರೆ ಉಕ್ಕಿನ ಹಗ್ಗ ಏಳೆಂಟು ನಿಮಿಷದಲ್ಲಿ ಅಂಬಾಜಿ ಶಿಖರ ಮುಟ್ಟಿಸುತ್ತದೆ. ಈ ಎರಡು ಸ್ಥಳಗಳ ನಡುವೆ ನಿಂತು ಕಂಡದ್ದನ್ನೂ ಯೋಚಿಸಿದ್ದನ್ನೂ ಈ ವಾರ ವಾಚಕರ ಮುಂದಿಡುತ್ತಿದ್ದೇವೆ.

ಸಂಪಾದಕೀಯದಲ್ಲಿ ಯಾತ್ರೆಯ ವರ್ಣನೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ನಂದಿಬೆಟ್ಟಕ್ಕೆ ರೋಪ್‌ವೇ ಹಾಕಲು 2023ರ ಮಾರ್ಚ್ ತಿಂಗಳಲ್ಲಿ ಅಡಿಗಲ್ಲು ಹಾಕಿದರು. ಸುಮಾರು ಮೂರು ಕಿಲೋಮೀಟರ್ ಉದ್ದ, 93 ಕೋಟಿ ರೂಪಾಯಿಗೆ ಮೇಲ್ಪಟ್ಟ ವೆಚ್ಚ, ಸರ್ಕಾರಿ-ಖಾಸಗಿ ಪಾಲುದಾರಿಕೆ ಎಂದು ಆಗ ಸಾರಲಾಯಿತು. ಅದಕ್ಕೆ ಹಿಂದಿನ ವರ್ಷ ಚಾಮುಂಡಿ ಬೆಟ್ಟಕ್ಕೂ ಇಂಥದೇ ಯೋಜನೆಯ ಮಾತು ಬಂದು, ಮೈಸೂರಿನ ನಾಗರಿಕರು ಎದ್ದುನಿಂತು ವಿರೋಧಿಸಿದ ಮೇಲೆ ಕೈಬಿಡಲಾಯಿತು. ಕೇಂದ್ರ ಸರ್ಕಾರ 2022ರ ಮುಂಗಡಪತ್ರದಲ್ಲಿ ಪರ್ವತಮಾಲಾ ಎಂಬ ಹೆಸರಿನಲ್ಲಿ ದೇಶದ ಬೆಟ್ಟಗಳಿಗೆಲ್ಲ ಹಗ್ಗ ಕಟ್ಟುವ ಕಾರ್ಯಕ್ರಮವನ್ನೇ ಪ್ರಕಟಿಸಿತು. ಈ ಕುರಿತ ಚರ್ಚೆಯಲ್ಲಿ ಮರಗಳ ಮಾತು ಬರುತ್ತದೆ, ಬಂಡೆಗಳ ಮಾತು ಬರುತ್ತದೆ, ಪ್ರವಾಸಿಗರ ಸೌಕರ್ಯದ ಮಾತಂತೂ ಬಂದೇ ಬರುತ್ತದೆ. ಅವೆಲ್ಲ ಬರತಕ್ಕದ್ದೇ. ಆದರೆ ಇದುವರೆಗೆ ಆ ಬೆಟ್ಟದ ಮೇಲೆ ಮೈಮುರಿದು ದುಡಿದು ಹೊಟ್ಟೆ ಹೊರೆದವರ ಮಾತು ಎಲ್ಲಿಯೂ ಬರುವುದಿಲ್ಲ. ಗಿರಿನಾರಿನಲ್ಲಿ ಹಗ್ಗ ಓಡಲು ಆರಂಭಿಸಿ ವರ್ಷಗಳಾಗಿವೆ. ಆದ್ದರಿಂದ ಅಲ್ಲಿ ನೋಡಿ ಕಲಿಯತಕ್ಕದ್ದು ಉಂಟು.

ನಾವು ಹೋದದ್ದು ನಮ್ಮೂರಿನ ವೃದ್ಧ ಜೈನ ವರ್ತಕರೊಬ್ಬರ ಜೊತೆಗೆ. ಅವರಿಗೆ ಎಪ್ಪತ್ತೆಂಟು ದಾಟಿದೆ, ಮಂಡಿ ನೋವು. ಮಕ್ಕಳು ವ್ಯಾಪಾರ ಬಿಟ್ಟು ಬರಲಾರರು. “ಮೇಷ್ಟ್ರೇ, ನೀವು ಹೇಗೂ ಊರೂರು ಸುತ್ತೋರು, ನನ್ನನ್ನೂ ಒಂದು ಸಲ ಕರಕೊಂಡು ಹೋಗಿ ಬನ್ನಿ” ಎಂದರು. ಶಾಲೆ ಬಿಟ್ಟು ವರ್ಷಗಳೇ ಆದರೂ ಊರಿನವರಿಗೆ ನಾವು ಇನ್ನೂ ಮೇಷ್ಟರೇ. ಅವರು ಇಪ್ಪತ್ತೈದು ವರ್ಷದ ಹಿಂದೆ ಹೆಂಡತಿಯೊಡನೆ ಒಮ್ಮೆ ಗಿರಿನಾರಿಗೆ ಹೋಗಿದ್ದವರು, ಆಗ ಡೋಲಿಯಲ್ಲಿ ಹತ್ತಿದ್ದವರು. ಮೂಟೆಯ ಹಾಗೆ ತಕ್ಕಡಿಯಲ್ಲಿ ಕೂತದ್ದನ್ನು ನೆನೆದು ಈಗಲೂ ನಾಚುತ್ತಾರೆ.

ಜುನಾಗಢ ಜಿಲ್ಲಾ ಕೇಂದ್ರ. ಹಳೆಯ ನವಾಬರ ಊರು. ಪೇಟೆಯಿಂದ ಬೆಟ್ಟದ ಬುಡದ ಭವನಾಥಕ್ಕೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಬಂಡೆ ಸಿಗುತ್ತದೆ. ಅದರ ಮೇಲೆ ಮೂರು ಕಾಲದ ಮೂರು ರಾಜರು ಬರೆಸಿದ್ದಾರೆ. ಅಶೋಕನ ಹದಿನಾಲ್ಕು ಶಾಸನಗಳು ಒಂದು ಕಡೆ, ಗುಪ್ತರ ಸ್ಕಂದಗುಪ್ತನದು ಇನ್ನೊಂದು ಕಡೆ. ನಮ್ಮ ಕಣ್ಣು ಕೀಲಿಸಿದ್ದು ಮೂರನೆಯದರ ಮೇಲೆ, ಕ್ರಿ.ಶ. 150ರ ಸುಮಾರಿನ ಕ್ಷತ್ರಪ ರುದ್ರದಾಮನದರ ಮೇಲೆ. ಇಲ್ಲಿ ಸುದರ್ಶನವೆಂಬ ಕೆರೆಯಿತ್ತು, ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ್ದು. ಬಿರುಗಾಳಿ ಮಳೆಗೆ ಅದರ ಏರಿ ಒಡೆದುಹೋಯಿತು. ಒಡಕು ಬಹಳ ದೊಡ್ಡದು, ಇದು ಆಗುವ ಕೆಲಸವಲ್ಲ ಎಂದು ಮಂತ್ರಿಗಳು ಕೈಚೆಲ್ಲಿದರು, ಜನ ಗೋಳಿಟ್ಟರು. ರುದ್ರದಾಮ ತನ್ನ ಸ್ವಂತ ಬೊಕ್ಕಸದ ಹಣದಿಂದ ಮೊದಲಿಗಿಂತ ಗಟ್ಟಿಯಾಗಿ ಏರಿ ಹಾಕಿಸಿದ. ಊರಿನವರಿಂದ ಹೆಚ್ಚುವರಿ ಕರ ಎತ್ತಲಿಲ್ಲ, ವಿಷ್ಟಿ ಮಾಡಿಸಲಿಲ್ಲ, ‘ಪ್ರಣಯ’ವೆಂಬ ಕಾಣಿಕೆಯನ್ನೂ ವಸೂಲು ಮಾಡಲಿಲ್ಲ ಎಂದು ಶಾಸನ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ನಮ್ಮ ಕನ್ನಡದ ‘ಬಿಟ್ಟಿ’ ಎಂಬ ಮಾತು ಹುಟ್ಟಿದ್ದು ಈ ವಿಷ್ಟಿಯಿಂದಲೇ. ಬಿಟ್ಟಿ ಚಾಕರಿಯ ಹೆಸರು ಕೇಳಿದರೆ ಮಲೆನಾಡಿನ ನಮ್ಮ ಹಿರಿಯ ಗೇಣಿದಾರರ ಮೈ ಈಗಲೂ ಉರಿಯುತ್ತದೆ. ಇನ್ನು ‘ಪ್ರಣಯ’ ಎಂಬುದು ಪ್ರೀತಿಯಿಂದ ಕೊಡುವ ವಂತಿಗೆಯಂತೆ. ಪ್ರೀತಿಯಿಂದ ಕೊಡಿಸುವ ವಂತಿಗೆಗಳ ಅನುಭವ ನಮ್ಮ ಅಂಗಡಿಕಾರರಿಗೆ ಚೆನ್ನಾಗಿಯೇ ಇದೆ. ರಾಜರು ಬರೆಸಿದ್ದೆಲ್ಲ ನಿಜವೆಂದು ನಾವು ನಂಬುವುದಿಲ್ಲ. ಆದರೂ ಒಂದು ದೊಡ್ಡ ಸಾರ್ವಜನಿಕ ಕೆಲಸವನ್ನು ಮೆಚ್ಚುವಾಗ ಅದು ಯಾರ ಬೆನ್ನಿನ ಮೇಲೆ ನಡೆಯಿತು ಎಂದು ಕೇಳಬೇಕೆಂಬುದು, ಹದಿನೆಂಟು ನೂರು ವರ್ಷಗಳ ಹಿಂದಿನ ಆ ದೊರೆಗೂ ತಿಳಿದಿತ್ತು.

ಬೆಟ್ಟಕ್ಕೆ ಸುಮಾರು ಹತ್ತು ಸಾವಿರ ಮೆಟ್ಟಿಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನವಾಬರ ಆಳ್ವಿಕೆಯಲ್ಲಿ ಇವನ್ನು ಕಟ್ಟುವುದಕ್ಕೆ ಲಾಟರಿ ನಡೆಸಿ ಹಣ ಕೂಡಿಸಿದರು. ನಾಲ್ಕು ಸಾವಿರ ಮೆಟ್ಟಿಲಿನ ಆಸುಪಾಸಿನಲ್ಲಿ ನೇಮಿನಾಥನ ಬಸದಿಯೂ ಇತರ ಜಿನಾಲಯಗಳೂ ಇವೆ. ಇನ್ನೂ ಸಾವಿರ ಹತ್ತಿದರೆ ಅಂಬಾಜಿ. ಅಲ್ಲಿಂದ ಇಳಿದು ಏರಿ, ಮತ್ತೆ ಇಳಿದು ಏರಿ, ಗೋರಖನಾಥ ಶಿಖರ ದಾಟಿ ಕೊನೆಗೆ ದತ್ತಾತ್ರೇಯನ ಪಾದುಕೆ. ಗಾಣಗಾಪುರಕ್ಕೂ ಬಾಬಾಬುಡನ್‌ಗಿರಿಗೂ ನಡೆದುಕೊಳ್ಳುವ ನಮ್ಮ ಕಡೆಯ ದತ್ತ ಭಕ್ತರಲ್ಲಿ ಗಿರಿನಾರಿಗೆ ಹೋಗಿ ಬಂದವರು ಕಡಿಮೆಯಿಲ್ಲ.

ಹಗ್ಗದ ದಾರಿಯ ಮಾತು ಎಂಬತ್ತರ ದಶಕದಲ್ಲೇ ಎದ್ದಿತ್ತು. ಅಡಿಗಲ್ಲು ಬಿದ್ದದ್ದು 2007ರಲ್ಲಿ. ಬೆಟ್ಟದ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ, ಸುತ್ತಲಿನ ಕಾಡಿನಲ್ಲಿ ಸಿಂಹಗಳಿವೆ. ಈ ಆಕ್ಷೇಪಣೆಗಳನ್ನೆಲ್ಲ ದಾಟಿ 2020ರ ಅಕ್ಟೋಬರ್ 24ರಂದು ಪ್ರಧಾನ ಮಂತ್ರಿಗಳು ಉದ್ಘಾಟಿಸಿದರು. ಉದ್ದ 2.3 ಕಿಲೋಮೀಟರ್, ತೊಟ್ಟಿಲುಗಳು 25, ಖರ್ಚು ಸುಮಾರು 130 ಕೋಟಿ. ನಡೆಸುವುದು ಒಂದು ಖಾಸಗಿ ಕಂಪನಿ.

ತೊಟ್ಟಿಲು ನಿಲ್ಲುವುದಿಲ್ಲ. ನಿಲ್ದಾಣದೊಳಗೆ ಬಂದಾಗ ಆಮೆಯ ಹಾಗೆ ತೆವಳುತ್ತದೆ, ಅಷ್ಟರಲ್ಲಿ ಹತ್ತಿ ಕೂರಬೇಕು. ನೌಕರ ಹುಡುಗನೊಬ್ಬ ನಮ್ಮ ಹಿರಿಯರ ರಟ್ಟೆ ಹಿಡಿದು ಬಹಳ ಮರ್ಯಾದೆಯಿಂದ ಕೂರಿಸಿದ. ಬಾಗಿಲು ಮುಚ್ಚಿಕೊಂಡಿತು. ಒಂದು ಎಳೆತ, ಆಮೇಲೆ ನೆಲವೆಂಬುದು ಕಾಲ ಕೆಳಗಿನಿಂದ ಜಾರಿಹೋಯಿತು. ಮೊದಲ ಕಂಬ ದಾಟುವಾಗ ಗಡಗಡ ಸದ್ದಾಗಿ ತೊಟ್ಟಿಲು ತೂಗಿತು. ಹಿರಿಯರು ಕಣ್ಣು ಮುಚ್ಚಿ ಣಮೋಕಾರ ಹೇಳತೊಡಗಿದರು. ನಮಗೂ ಎದೆ ಡವಗುಟ್ಟಿತೆಂದು ಒಪ್ಪಿಕೊಳ್ಳುತ್ತೇವೆ. ಎರಡನೆಯ ಕಂಬದ ಹೊತ್ತಿಗೆ ಹೆದರಿಕೆ ಹೋಗಿ ಸಂತೋಷ ಬಂತು. ಕೆಳಗೆ ಕಾಡು ಹಸಿರು ಚಾಪೆಯಂತೆ ಸರಿಯುತ್ತಿತ್ತು. ಪಟ್ಟಣದ ಮನೆಗಳು, ಹಳೆಯ ಕೋಟೆ, ಆಚೆಗೆ ಶೇಂಗಾ ಹೊಲಗಳ ಬಯಲು ಒಂದೊಂದಾಗಿ ತೆರೆದುಕೊಂಡವು. ಎಡಕ್ಕೆ ಮೆಟ್ಟಿಲ ಸಾಲು ಸುಣ್ಣದ ಗೆರೆಯ ಹಾಗೆ ಬಂಡೆಗೆ ಅಂಟಿಕೊಂಡಿತ್ತು. ಜೀವನದಲ್ಲಿ ವಿಮಾನ ಹತ್ತದ ನಮ್ಮಂಥವರಿಗೆ ಇದು ಚಿಕ್ಕ ಸುಖವಲ್ಲ. ಬಡವರ ಪಕ್ಷದವನು ಬೆಟ್ಟದ ನೋಟ ಕಂಡು ಹಿಗ್ಗಬಾರದೆಂಬ ನಿಯಮವೇನೂ ಇಲ್ಲ. ಆ ಹಿಗ್ಗು ಎಲ್ಲರಿಗೂ ಸಿಗಲಿ ಎಂಬುದೇ ನಮ್ಮ ಬೇಡಿಕೆ.

ಹಿರಿಯರು ಕಣ್ಣು ಬಿಟ್ಟಾಗ ಅರ್ಧ ದಾರಿ ಮುಗಿದಿತ್ತು. ಮೆಟ್ಟಿಲ ಗೆರೆಯ ಕಡೆ ಬೆರಳು ತೋರಿಸಿ, “ಅಲ್ಲಿ ಒಂದು ತಿರುವಿನಲ್ಲಿ ನಮ್ಮ ಡೋಲಿ ಹೊರೋನಿಗೆ ಮೂಗಿನಲ್ಲಿ ರಕ್ತ ಬಂತು ಮೇಷ್ಟ್ರೇ. ಇಳಿಸು ಅಂದೆ. ಇಳಿಸಲಿಲ್ಲ. ಇಳಿಸಿದರೆ ಬಾಡಿಗೆ ಹೋಗುತ್ತೆ ಅಂತ ಹೆದರಿದ” ಎಂದರು. ಆಮೇಲೆ ತೊಟ್ಟಿಲು ನಿಲ್ದಾಣ ಸೇರುವವರೆಗೆ ಮಾತಾಡಲಿಲ್ಲ.

ಅಂಬಾಜಿಯಲ್ಲಿ ಇಳಿದ ಮೇಲೆ ತಿಳಿದದ್ದು ಇನ್ನೊಂದು ವಿಚಿತ್ರ. ಹಗ್ಗ ನೇಮಿನಾಥನ ಬಸದಿಯ ಮಟ್ಟವನ್ನು ದಾಟಿ ಮೇಲಕ್ಕೆ ಬಂದುಬಿಡುತ್ತದೆ. ಬಸದಿಗೆ ಹೋಗಬೇಕಾದ ಮುದುಕರು ಸಾವಿರದಷ್ಟು ಮೆಟ್ಟಿಲು ಇಳಿಯಬೇಕು, ತೊಟ್ಟಿಲಿಗೆ ಮರಳಬೇಕಾದರೆ ಅಷ್ಟನ್ನೂ ಮತ್ತೆ ಹತ್ತಬೇಕು. ನಮ್ಮ ಹಿರಿಯರು ಡೋಲಿ ಬೇಡವೇ ಬೇಡವೆಂದು ಹಟ ಹಿಡಿದು, ನಮ್ಮ ಹೆಗಲ ಮೇಲೆ ಒಂದು ಕೈ, ಊರುಗೋಲಿನ ಮೇಲೆ ಒಂದು ಕೈ ಇಟ್ಟು, ಮೂರು ಗಂಟೆ ತೆಗೆದುಕೊಂಡು ಹೋಗಿ ಬಂದರು. ನೇಮಿನಾಥನ ಕಥೆ ನಮ್ಮ ಹಳಗನ್ನಡದ ಜೈನ ಪುರಾಣಗಳಲ್ಲೂ ಬರುತ್ತದೆ. ಮದುವೆಯ ದಿಬ್ಬಣದಲ್ಲಿ ಬರುತ್ತಿದ್ದವನು, ಊಟಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ಮನಮರುಗಿ, ಬಾಸಿಂಗ ಕಳಚಿ ಈ ಬೆಟ್ಟ ಹತ್ತಿದ. ಪಶುಗಳ ನೋವನ್ನು ಸಹಿಸಲಾರದವನ ದರ್ಶನಕ್ಕೆ ಮನುಷ್ಯರ ಹೆಗಲೇರಿ ಹೋಗುವುದು ನೂರಾರು ವರ್ಷಗಳಿಂದ ನಡೆದು ಬಂದಿದೆ. ಇದು ಜೈನರೊಬ್ಬರ ದೋಷವೆಂದು ಹೇಳುತ್ತಿಲ್ಲ. ಅಂಬಾಜಿಗೂ ದತ್ತನಿಗೂ ಹೋಗುವವರು ಅದೇ ಡೋಲಿಯಲ್ಲಿ ಹೋಗುತ್ತಾರೆ. ನಮ್ಮ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಡೋಲಿ ಉಂಟು. ನಮ್ಮ ನಾಡಿನ ಸ್ವಾಮಿಗಳ ಅಡ್ಡಪಲ್ಲಕ್ಕಿಯ ಮಾತನ್ನಂತೂ ಎತ್ತುವುದೇ ಬೇಡ. ಅಲ್ಲಿ ಹತ್ತಲಾರದ ಮಂಡಿನೋವಿನ ನೆಪವೂ ಇಲ್ಲ.

ಹಿರಿಯರನ್ನು ತೊಟ್ಟಿಲಿನಲ್ಲಿ ಇಳಿಯಲು ಕಳಿಸಿ ನಾವು ಮೆಟ್ಟಿಲ ದಾರಿ ಹಿಡಿದೆವು. ಡೋಲಿಯವರನ್ನು ಕಂಡು ಮಾತಾಡಬೇಕೆಂಬುದು ಮೊದಲಿನಿಂದಲೂ ಮನಸ್ಸಿನಲ್ಲಿತ್ತು. ದಾರಿಯ ಒಂದು ನೆರಳಿನಲ್ಲಿ ಇಬ್ಬರು ಖಾಲಿ ಡೋಲಿಯನ್ನು ಒರಗಿಸಿ ಬೀಡಿ ಸೇದುತ್ತ ಕೂತಿದ್ದರು. ಅವರಲ್ಲಿ ಹಿರಿಯವನಿಗೆ ಐವತ್ತಿರಬಹುದು. ನಮ್ಮದು ಅರೆಬರೆ ಹಿಂದಿ, ಆತನದೂ ಗುಜರಾತಿ ಬೆರೆತ ಹಿಂದಿ. ಹಾಗೂ ಹೀಗೂ ಮಾತು ನಡೆಯಿತು.

ಮೊದಲೆಲ್ಲ ಬುಡದಲ್ಲೇ ಸವಾರಿ ಸಿಗುತ್ತಿತ್ತಂತೆ. ಈಗ ಡೋಲಿಗೆ ಹಣ ಕೊಡಬಲ್ಲವರೆಲ್ಲ ಹಗ್ಗಕ್ಕೆ ಹೋಗುತ್ತಾರೆ. ಹಗ್ಗಕ್ಕೆ ಹಣವಿಲ್ಲದವರಿಗೆ ಡೋಲಿಗೂ ಹಣವಿರುವುದಿಲ್ಲ, ಅವರು ನಡೆಯುತ್ತಾರೆ. ಉಳಿದದ್ದು ಅಂಬಾಜಿಯಿಂದ ದತ್ತಾತ್ರೇಯದವರೆಗಿನ ಮೇಲಿನ ತುಂಡು. ಆ ಸವಾರಿ ಹಿಡಿಯಬೇಕಾದರೆ ಡೋಲಿಯವನು ಮೊದಲು ಐದು ಸಾವಿರ ಮೆಟ್ಟಿಲು ಬರಿ ಡೋಲಿ ಹೊತ್ತು ಹತ್ತಿ ಮೇಲೆ ಕಾದು ಕೂರಬೇಕು. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಬಂದ ದಾರಿಯಲ್ಲೇ ಇಳಿಯಬೇಕು.

“ನೀವು ಒಮ್ಮೆಯಾದರೂ ಅದರಲ್ಲಿ ಕೂತಿದ್ದೀರಾ?” ಎಂದು ಮೇಲೆ ಸರಿಯುತ್ತಿದ್ದ ತೊಟ್ಟಿಲನ್ನು ತೋರಿಸಿ ಕೇಳಿದೆವು. ಆತ ನಕ್ಕು, ಅಂಗಿಯ ಕೊರಳು ಸರಿಸಿ ಹೆಗಲು ತೋರಿಸಿದ. ನಿಂಬೆಹಣ್ಣಿನ ಗಾತ್ರದ ಗಂಟು. “ನನ್ನ ಮಗ ಇದನ್ನು ಹೊರುವುದು ಬೇಡ ಸಾಹೇಬರೇ. ಅದು ಒಳ್ಳೆಯದೇ ಆಯಿತು. ಆದರೆ ಅವನು ಇನ್ನೇನು ಮಾಡಬೇಕು ಅಂತ ನಮಗೆ ಯಾರೂ ಹೇಳಲಿಲ್ಲ” ಎಂದ.

ಈ ಎರಡು ವಾಕ್ಯಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವವರು ಕಡಿಮೆ. ಸರ್ಕಾರಕ್ಕೂ ಕಂಪನಿಗಳಿಗೂ ಮೊದಲನೆಯದು ಮಾತ್ರ ಕೇಳಿಸುತ್ತದೆ. ನಮ್ಮ ಗೆಳೆಯರಲ್ಲಿ ಕೆಲವರಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ. ಈ ಪ್ರವಾಸದ ವಿಷಯ ತಿಳಿಸಿದಾಗ ನಮ್ಮ ಕಚೇರಿಯಲ್ಲೇ ಜಗಳವಾಯಿತು. ಯಂತ್ರ ಬಂದು ಬಡವರ ಅನ್ನ ಕಿತ್ತುಕೊಂಡಿತು, ಆದ್ದರಿಂದ ರೋಪ್‌ವೇ ಎಲ್ಲಿ ಬಂದರೂ ವಿರೋಧಿಸಬೇಕು ಎಂದು ಒಬ್ಬರು ವಾದಿಸಿದರು. ಆ ವಾದವನ್ನು ನಾವು ಒಪ್ಪುವುದಿಲ್ಲ. ಮನುಷ್ಯನನ್ನು ಮನುಷ್ಯ ಹೊರುವುದು ಒಂದು ಉದ್ಯೋಗವಲ್ಲ, ಅದೊಂದು ಶಿಕ್ಷೆ. ಡಾಕ್ಟರ್ ಲೋಹಿಯಾ ಅವರು ಮನುಷ್ಯ ಎಳೆಯುವ ರಿಕ್ಷಾ ಹತ್ತುತ್ತಿರಲಿಲ್ಲ. ಹಾಗೆಂದು ರಿಕ್ಷಾ ಎಳೆಯುವವನ ಹೊಟ್ಟೆ ಏನಾಗಬೇಕೆಂಬುದನ್ನು ಅವರು ಮರೆತವರೂ ಅಲ್ಲ. ಅನ್ನಕ್ಕಾಗಿ ಶಿಕ್ಷೆಯನ್ನು ಉಳಿಸಿಕೊಡಿ ಎಂದು ಕೇಳುವುದು ಸಮಾಜವಾದವಾಗಲಾರದು. ಹಗ್ಗ ಬರಲಿ, ಮೂಗಿನಲ್ಲಿ ರಕ್ತ ಬರುವುದು ನಿಲ್ಲಲಿ. ನಮ್ಮ ಜಗಳ ಹಗ್ಗದೊಡನೆ ಅಲ್ಲ, ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬುದರೊಡನೆ.

ಲೆಕ್ಕ ನೋಡೋಣ. ಮಾಸ್ತರಿಕೆ ಬಿಟ್ಟರೂ ಲೆಕ್ಕದ ಚಟ ಬಿಡುವುದಿಲ್ಲ. ಗಿರಿನಾರಿನ ಹಗ್ಗ ಗಂಟೆಗೆ 800 ಜನರನ್ನು ಮೇಲೇರಿಸಬಲ್ಲದು. ಆರಂಭದಲ್ಲಿ ಹೋಗಿಬರುವ ಚೀಟಿಗೆ 700 ರೂಪಾಯಿ, ಮೇಲೆ ತೆರಿಗೆ ಬೇರೆ. ಇದು ಯಾವ ಬಡವನಿಗೆ ಎಂದು ಜುನಾಗಢದ ಜನ ಕೂಗೆಬ್ಬಿಸಿದ ಮೇಲೆ ತೆರಿಗೆ ಸೇರಿಸಿಯೇ 700 ಎಂದು ಇಳಿಸಿದರು. ಹೀಗೆ ಒಂದು ಕೂಗಿಗೆ ದರ ಇಳಿಯಿತೆಂಬುದನ್ನು ಗಮನಿಸಬೇಕು. 2022ರ ಜುಲೈ 18ರಿಂದ ಸರ್ಕಾರ ದೇಶದ ರೋಪ್‌ವೇ ಪ್ರಯಾಣದ ಮೇಲಿನ ಜಿಎಸ್‌ಟಿಯನ್ನು ನೂರಕ್ಕೆ 18ರಿಂದ 5ಕ್ಕೆ ಇಳಿಸಿತು. ಹಗ್ಗದ ಪ್ರಯಾಣಕ್ಕೆ ನೂರಕ್ಕೆ ಹದಿಮೂರು ಬಿಟ್ಟುಕೊಡುವ ಔದಾರ್ಯ ನಮ್ಮ ಬೊಕ್ಕಸಕ್ಕೆ ಇದೆಯೆಂದಾಯಿತು. ಇನ್ನು ಹೀಗೆ ಎಣಿಸಿ: ದಿನಕ್ಕೆ ಆರು ಗಂಟೆ, ತೊಟ್ಟಿಲುಗಳು ಅರ್ಧವೇ ತುಂಬುತ್ತವೆ, ಗಾಳಿ ಮಳೆಯ ದಿನಗಳನ್ನು ಬಿಟ್ಟು ವರ್ಷಕ್ಕೆ 300 ದಿನ ಓಡುತ್ತವೆ ಎಂದಿಟ್ಟುಕೊಂಡರೆ, ಚೀಟಿಯೊಂದಕ್ಕೆ ಬರಿಯ ಐದು ರೂಪಾಯಿ ತೆಗೆದಿಟ್ಟರೂ ವರ್ಷಕ್ಕೆ 36 ಲಕ್ಷ ರೂಪಾಯಿ ಕೂಡುತ್ತದೆ. ಏಳು ನೂರು ಕೊಡುವವನಿಗೆ ಐದು ರೂಪಾಯಿ ಕಣ್ಣಿಗೂ ಕಾಣದು. ಡೋಲಿ ಹೊರುವವರ ಮಕ್ಕಳಲ್ಲಿ ಎಷ್ಟು ಮಂದಿಗೆ ಹಗ್ಗದ ಯಂತ್ರದ ಕೆಲಸ ಕಲಿಸಬಹುದು, ಗಂಟುಗಟ್ಟಿದ ಹೆಗಲಿನ ಎಷ್ಟು ಮುದುಕರಿಗೆ ತಿಂಗಳ ವೇತನ ಕೊಡಬಹುದು, ವಾಚಕರೇ ಭಾಗಿಸಿ ನೋಡಲಿ.

ಇದು ಆಗದ ಮಾತು ಎನ್ನುವವರಿಗೆ ಮಾಥೇರಾನ್ ತೋರಿಸುತ್ತೇವೆ. ಮುಂಬಯಿಗೆ ಹತ್ತಿರದ ಆ ಪುಟ್ಟ ಬೆಟ್ಟದೂರಿನಲ್ಲಿ ಪರಿಸರದ ಕಾರಣಕ್ಕೆ ಮೋಟಾರು ವಾಹನಗಳಿಗೆ ನಿಷೇಧ. ಅದರ ಫಲವಾಗಿ ಪ್ರವಾಸಿಗರನ್ನು ಕೂರಿಸಿಕೊಂಡು ಮನುಷ್ಯರೇ ಎಳೆಯುವ ರಿಕ್ಷಾಗಳು ಈ ಶತಮಾನಕ್ಕೂ ಬಂದವು. ಗಾಳಿ ಶುದ್ಧವಾಗಿರಬೇಕು, ಎಳೆಯುವವನ ಶ್ವಾಸಕೋಶ ಹೇಗಾದರೂ ಇರಲಿ! 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟು, ಇದು ಮನುಷ್ಯನ ಘನತೆಗೆ ಒಪ್ಪದ ಪದ್ಧತಿ, ಆರು ತಿಂಗಳೊಳಗೆ ನಿಲ್ಲಿಸಿ ಎಂದು ಮಹಾರಾಷ್ಟ್ರ ಸರ್ಕಾರಕ್ಕೆ ಆಜ್ಞೆ ಮಾಡಿತು. ನಿಲ್ಲಿಸಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ಬರುವ ವಿದ್ಯುತ್ ರಿಕ್ಷಾಗಳು ಮೊದಲು ಎಳೆಯುತ್ತಿದ್ದವರ ಕೈಗೇ ಸಿಗಬೇಕು, ಹಣವಿಲ್ಲವೆಂಬ ನೆಪ ಹೇಳಕೂಡದು ಎಂದಿತು. ಇದು ಹೊಸ ವಿಚಾರವೂ ಅಲ್ಲ. 1980ರಲ್ಲೇ ಪಂಜಾಬಿನ ರಿಕ್ಷಾ ಎಳೆಯುವವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬಾಡಿಗೆಗೆ ಎಳೆಯುವವನು ಬ್ಯಾಂಕಿನ ಸಾಲದಿಂದ ತನ್ನ ಗಾಡಿಗೆ ತಾನೇ ಯಜಮಾನನಾಗುವ ದಾರಿ ಮಾಡಿಕೊಟ್ಟಿದ್ದರು. ಎಳೆಯುತ್ತಿದ್ದವನು ಗಾಡಿಯ ಒಡೆಯನಾಗಬಹುದಾದರೆ, ಹೊರುತ್ತಿದ್ದವನು ಹಗ್ಗದ ಪಾಲುಗಾರನಾಗಬಾರದೇಕೆ?

ಈ ಪ್ರಶ್ನೆಯನ್ನು ಮೊದಲೇ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಮ್ಮುವಿನ ಕಟ್ರಾ ಸಾಕ್ಷಿ. ವೈಷ್ಣೋದೇವಿ ಬೆಟ್ಟದ ಬುಡದ ಆ ಊರು ಬದುಕಿರುವುದೇ ಯಾತ್ರಿಕರಿಂದ. ತಾರಾಕೋಟೆಯಿಂದ ಸಾಂಝೀಛತ್‌ವರೆಗೆ 250 ಕೋಟಿ ರೂಪಾಯಿಯ ರೋಪ್‌ವೇ ಹಾಕುವುದಾಗಿ ದೇವಸ್ಥಾನದ ಮಂಡಳಿ ಪ್ರಕಟಿಸಿದಾಗ, 2024ರ ನವೆಂಬರಿನಲ್ಲಿ ಅಂಗಡಿಕಾರರು, ಕುದುರೆಯವರು, ಪಾಲಕಿ ಹೊರುವವರು ಒಟ್ಟಾಗಿ ಬೀದಿಗಿಳಿದರು. ಕಲ್ಲು ತೂರಾಟವಾಯಿತು. ಡಿಸೆಂಬರಿನ ಕೊನೆಯ ವಾರದಲ್ಲಿ ಊರಿಗೆ ಊರೇ ಬಾಗಿಲು ಹಾಕಿತು, ಮುಖಂಡರನ್ನು ಬಂಧಿಸಿದರು, ಕೆಲವರು ಉಪವಾಸ ಕೂತರು. ಬಂಧಿತರನ್ನು ಬಿಟ್ಟ ಮೇಲೆ ವರ್ಷದ ಕಡೆಯ ರಾತ್ರಿ ಬಂದ್ ನಿಂತಿತು. ಕಲ್ಲು ತೂರುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ತಮ್ಮ ಅನ್ನದ ವಿಷಯವನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿ ಬಂದ ಜನ ಸುಮ್ಮನಿರಬೇಕೆಂದು ನಿರೀಕ್ಷಿಸುವುದೂ ಅನ್ಯಾಯವೇ.

ಇವೆಲ್ಲಕ್ಕಿಂತ ದೊಡ್ಡದು ಕೇದಾರದ ಹಗ್ಗ. ಸೋನಪ್ರಯಾಗದಿಂದ ಕೇದಾರನಾಥಕ್ಕೆ 12.9 ಕಿಲೋಮೀಟರಿಗೆ 4,081 ಕೋಟಿ ರೂಪಾಯಿ. ಕೇಂದ್ರ ಮಂತ್ರಿಮಂಡಲ 2025ರ ಮಾರ್ಚ್ 5ರಂದು ಒಪ್ಪಿಗೆ ಕೊಟ್ಟಿತು. ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುವುದಂತೆ, ದಿನಕ್ಕೆ 18,000 ಜನರನ್ನು ಸಾಗಿಸಬಹುದಂತೆ. ಈಗ ಜನ ಕಾಲ್ನಡಿಗೆಯಲ್ಲಿ, ಕುದುರೆ ಮೇಲೆ, ಪಾಲಕಿಯಲ್ಲಿ, ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆಂದು ಸರ್ಕಾರದ ಪ್ರಕಟಣೆಯೇ ಹೇಳುತ್ತದೆ. ಹೆಲಿಕಾಪ್ಟರಿನವರ ಚಿಂತೆ ನಮಗಿಲ್ಲ. ಕುದುರೆಯ ಲಗಾಮು ಹಿಡಿದು ನಡೆಯುವವನು, ಬೆನ್ನ ಬುಟ್ಟಿಯಲ್ಲಿ ಮುದುಕಿಯರನ್ನು ಹೊರುವವನು ಆ 36 ನಿಮಿಷಗಳಲ್ಲಿ ಎಲ್ಲಿರಬೇಕೆಂಬುದನ್ನು ಯಾರಾದರೂ ಹೇಳಬೇಕು.

ಅಪಾಯದ ಮಾತನ್ನೂ ಬಿಡುವಂತಿಲ್ಲ. 2022ರ ಏಪ್ರಿಲ್ 10ರಂದು ಜಾರ್ಖಂಡಿನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ ತೊಟ್ಟಿಲುಗಳು ಡಿಕ್ಕಿಯಾಗಿ ಹತ್ತಾರು ಜನ ನಲವತ್ತು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿ ನೇತಾಡಿದರು, ಮೂವರು ಸತ್ತರು. ಸೈನ್ಯದ ಹೆಲಿಕಾಪ್ಟರು ಬರುವ ಮೊದಲು ಹಗ್ಗದ ಮೇಲೆ ಜೋತು ಹೋಗಿ ಜನರನ್ನು ಇಳಿಸಿದವರಲ್ಲಿ ಅದೇ ರೋಪ್‌ವೇಯ ಕೆಲಸಗಾರನಿದ್ದ, ಸುತ್ತಲಿನ ಹಳ್ಳಿಗರಿದ್ದರು. ಗುಜರಾತಿನ ಪಾವಾಗಢದಲ್ಲಿ 2025ರ ಸೆಪ್ಟೆಂಬರ್ 6ರಂದು ಸಾಮಾನು ಸಾಗಿಸುವ ಹಗ್ಗ ಹರಿದು ಆರು ಮಂದಿ ಸತ್ತರು, ಅವರಲ್ಲಿ ಹಗ್ಗ ನಡೆಸುವವರೂ ಕೂಲಿಗಳೂ ಇದ್ದರು. ಯಾತ್ರಿಕರ ತೊಟ್ಟಿಲಿನಷ್ಟೇ ಕಟ್ಟುನಿಟ್ಟಿನ ತಪಾಸಣೆ ಕೂಲಿಗಳ ತೊಟ್ಟಿಲಿಗೂ ಬೇಕು.

ಈಗ ನಂದಿಯ ಮಾತು. ನಂದಿಯಲ್ಲಿ ಡೋಲಿಯಿಲ್ಲ, ಮೇಲಿನವರೆಗೆ ರಸ್ತೆಯಿದೆ. ಆದರೆ ಜನರನ್ನು ಮೇಲಕ್ಕೆ ಕರೆದೊಯ್ಯುವ ಬಾಡಿಗೆ ಗಾಡಿಯವರಿದ್ದಾರೆ, ದಾರಿಯ ತಿರುವುಗಳಲ್ಲಿ ಸೀಬೆಹಣ್ಣು, ಸೌತೆಕಾಯಿ, ಬೇಯಿಸಿದ ಜೋಳ ಮಾರುವ ಹೆಣ್ಣುಮಕ್ಕಳಿದ್ದಾರೆ. ತೊಟ್ಟಿಲಿನಲ್ಲಿ ತಲೆಯ ಮೇಲೆ ಹಾರಿಹೋಗುವವರು ಸೌತೆಕಾಯಿ ಕೊಳ್ಳುವುದಿಲ್ಲ. ಹಗ್ಗ ಇಳಿಯುವ ಕಡೆ ಕಂಪನಿಯ ಉಪಾಹಾರ ಮಂದಿರ ಇರುತ್ತದೆ, ಅಲ್ಲಿ ಅದೇ ಸೌತೆಕಾಯಿಗೆ ತಟ್ಟೆಯ ಬೆಲೆ ಸೇರಿಸಿ ಮಾರುತ್ತಾರೆ.

ಆದ್ದರಿಂದ ಪ್ರವಾಸೋದ್ಯಮ ಇಲಾಖೆಯನ್ನು ಕೇಳಿದ್ದೇವೆ: ನಂದಿಯ ಒಪ್ಪಂದದ ಷರತ್ತುಗಳನ್ನು ಕನ್ನಡದಲ್ಲಿ ಅಚ್ಚು ಮಾಡಿ ಬುಡದ ಹಳ್ಳಿಗಳ ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸುತ್ತೀರಾ? ಮೇಲೂ ಕೆಳಗೂ ಇರುವ ನಿಲ್ದಾಣಗಳ ಮಳಿಗೆಗಳು ಈಗ ದಾರಿಯಲ್ಲಿ ಮಾರುವವರಿಗೇ ಸಿಗುತ್ತವೆಯೇ, ಅಥವಾ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೋ? ಹಗ್ಗದ ಕೆಲಸಕ್ಕೆ ತೆಗೆದುಕೊಳ್ಳುವವರಲ್ಲಿ ಆ ಹಳ್ಳಿಗಳವರೆಷ್ಟು, ಅವರು ಕಾಯಂ ನೌಕರರೋ ಗುತ್ತಿಗೆಯವರೋ? ಶಾಲೆಯ ಮಕ್ಕಳಿಗೂ ನಡೆಯಲಾರದ ಬಡ ಮುದುಕರಿಗೂ ವಾರಕ್ಕೊಂದು ದಿನವಾದರೂ ಎಟಕುವ ದರವಿರುತ್ತದೆಯೇ? ಚೀಟಿಯೊಂದಕ್ಕೆ ಐದು ರೂಪಾಯಿಯ ನಿಧಿಯ ಲೆಕ್ಕವನ್ನೂ ಪತ್ರಕ್ಕೆ ಲಗತ್ತಿಸಿದ್ದೇವೆ.

ಪತ್ರ ಕಳೆದ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ, ರಸೀದಿ ನಮ್ಮಲ್ಲಿದೆ. ಉತ್ತರ ಬಂದ ವಾರವೇ ಇದೇ ಪುಟದಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ನೆನಪಿನೋಲೆ ಕಳಿಸಿದ ತಾರೀಖನ್ನು ಅಚ್ಚು ಹಾಕುತ್ತೇವೆ.